ಇಪ್ಪತ್ತೆರಡು ದಿನಗಳ ತಪ್ಪು

ಜಿದ್ದಾದ ಅಜೀಜಿಯಾದಲ್ಲಿದ್ದ ಭಾರತೀಯ ಶಾಲೆಯ ಸಭಾಂಗಣದಲ್ಲಿ ಆ ದಿನ ನನಗೆ ತೋರಿಸಿದ ಕುರ್ಚಿ ಹದಿನಾಲ್ಕನೆಯ ಸಾಲಿನದು. ನಾನು ಎಣಿಸಿದ್ದೇನೆ. ಮುಂದಿನ ಐದು ಸಾಲುಗಳು ಖಾಲಿಯಿದ್ದವು. ಅವು ಜಿದ್ದಾದ ಪೋಷಕರಿಗೆಂದು ಸ್ವಯಂಸೇವಕರೊಬ್ಬರು ತಿಳಿಸಿದರು. ತಾಯಿಫಿನ ಬೆಟ್ಟದಿಂದ ಬೆಳಗಿನ ನಮಾಜು ಮುಗಿಸಿ ಹೊರಟು ಸಭೆಗೆ ಒಂದು ಗಂಟೆ ಮುಂಚಿತವಾಗಿ ತಲುಪಿದವನು ನಾನು. ನನ್ನ ನಂತರ ಬಂದವರು ನನ್ನ ಮುಂದಿನಿಂದಲೇ ಹಾದುಹೋಗಿ ಆ ಸಾಲುಗಳಲ್ಲಿ ಕುಳಿತರು. ಕಾರ್ಯಕ್ರಮ ಆರಂಭವಾದಾಗ ಸಮಿತಿಯ ಕಾರ್ಯದರ್ಶಿ ಮೈಕಿನಲ್ಲಿ, ದೂರದಿಂದ ಬಂದವರು ತಡವಾದರೂ ಪರವಾಗಿಲ್ಲ, ಹಿಂದೆ ಜಾಗವಿದೆ ಎಂದರು.

ಆ ಸಭೆ ಒಂದು ಒಳ್ಳೆಯ ಉದ್ದೇಶಕ್ಕಾಗಿ ಸೇರಿದ್ದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಮಕ್ಕಳು ಹನ್ನೆರಡನೆಯ ತರಗತಿಯವರೆಗೆ ಆ ದೇಶದಲ್ಲೇ ಓದುತ್ತಿದ್ದರು. ಅದರ ಮುಂದೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಬಾಗಿಲುಗಳು ಮುಚ್ಚಿದಂತೆಯೇ ಇದ್ದವು. ಊರಿನ ಕಾಲೇಜುಗಳಿಗೆ ಕಳುಹಿಸೋಣವೆಂದರೆ ಅಂಕಪಟ್ಟಿ ಬರುವ ಹೊತ್ತಿಗೆ ಅಲ್ಲಿ ಸೀಟು ತುಂಬಿರುತ್ತಿತ್ತು. ಹೀಗಾಗಿ ಕರಾವಳಿಯವರ ಪೋಷಕ ಸಮಿತಿ, ಜಿದ್ದಾದ ಆ ಶಾಲೆ ಮತ್ತು ಊರಿನ ಒಂದು ಕಾಲೇಜು ಸೇರಿ ಒಪ್ಪಂದವೊಂದನ್ನು ಮಾಡಿಕೊಂಡವು. ಶಾಲೆ ದಾಖಲೆಗಳನ್ನು ಬೇಗ ಕೊಡುವುದು. ಕಾಲೇಜು ನಿಗದಿತ ಸೋಮವಾರದವರೆಗೆ ಸೀಟು ಕಾದಿರಿಸುವುದು. ವಿದ್ಯಾರ್ಥಿಯೂ ತಂದೆತಾಯಿಯರಲ್ಲೊಬ್ಬರೂ ಆ ದಿನ ಖುದ್ದಾಗಿ ಹಾಜರಿರುವುದು. ವೀಸಾ, ಟಿಕೆಟ್ಟು, ದಿನಾಂಕಗಳ ಹೊಣೆ ಸಮಿತಿಯದು. ತಾಯಿಫಿನ ನಮ್ಮ ಶಾಲೆ ಚಿಕ್ಕದು, ಹನ್ನೆರಡನೆಯ ತರಗತಿಯಲ್ಲಿ ಏಳು ಹುಡುಗಿಯರು ಮಾತ್ರ. ಆದ್ದರಿಂದ ನಾವೂ ಜಿದ್ದಾವನ್ನೇ ಆಶ್ರಯಿಸಬೇಕಾಯಿತು.

ಸಭೆ ನಡೆದದ್ದು ಗಂಡುಮಕ್ಕಳ ವಿಭಾಗದಲ್ಲಿ. ಹುಡುಗಿಯರಿಗಾಗಲಿ ತಾಯಂದಿರಿಗಾಗಲಿ ಅಲ್ಲಿ ಪ್ರವೇಶವಿರಲಿಲ್ಲ. ಓದಬೇಕಾದ ಹುಡುಗಿಯರ ಭವಿಷ್ಯವನ್ನು ಅವರ ತಂದೆಯರು ಕೇಳಿಸಿಕೊಂಡು ಹೋಗಿ ಮನೆಯಲ್ಲಿ ಹೇಳಬೇಕು. ನನ್ನ ಮಗಳು ತನ್ನ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದಳು. ಅವಳಿಗೆ ಬೇಕಿದ್ದದ್ದು ಕಿವಿ ಕೇಳದವರಿಗೂ ಮಾತು ಬಾರದ ಮಕ್ಕಳಿಗೂ ಚಿಕಿತ್ಸೆ ನೀಡುವ ನಾಲ್ಕು ವರ್ಷಗಳ ಪದವಿ. ಅವಳ ಉಮ್ಮನಿಗೆ, ಅಂದರೆ ನನ್ನ ಹೆಂಡತಿಗೆ, ಎಳವೆಯ ಜ್ವರದಿಂದ ಬಲಗಿವಿ ಹೋಗಿತ್ತು. ಮಗಳು ಮಾತು ಕಲಿತದ್ದೇ ಉಮ್ಮನ ಎಡಗಡೆ ಕುಳಿತು. ಸಭೆಗೆ ಬಂದಿದ್ದ ಕಾಲೇಜಿನ ಪ್ರತಿನಿಧಿ ಆ ಹಾಳೆಯನ್ನು ಕೈಗೆತ್ತಿಕೊಂಡರೇ ಹೊರತು ಓದಲಿಲ್ಲ. ಕೋರ್ಸಿನ ಹೆಸರು ಕೇಳಿ ಪಕ್ಕದವರತ್ತ ತಿರುಗಿ, ಕಿವುಡರಿಗೆ ಪಾಠ ಹೇಳಲು ಹುಡುಗಿಯನ್ನು ಅಷ್ಟು ದೂರದಿಂದ ಕಳುಹಿಸುವುದೇ ಎಂದು ನಕ್ಕರು. ಪಕ್ಕದವರೂ ನಕ್ಕರು. ಹಾಳೆಯನ್ನು ನಾನು ಹಿಂದಕ್ಕೆ ಪಡೆದು, ಮಡಿಸಿ ಜೇಬಿಗಿಟ್ಟೆ. ಸೀಟು ಮಾತ್ರ ಬರೆಸಿದೆ.

ಒಂದು ತಿಂಗಳ ನಂತರ ಸಮಿತಿಯಿಂದ ಚಾರ್ಟು ಬಂತು. ಪ್ರತಿ ಕುಟುಂಬದ ಇಕಾಮಾದ, ಎಂದರೆ ಆ ದೇಶದಲ್ಲಿ ವಾಸಿಸಲು ಕೊಡುವ ಪರವಾನಗಿ ಕಾರ್ಡಿನ, ಪ್ರತಿಗಳನ್ನು ಅವರು ಮೊದಲೇ ಪಡೆದಿದ್ದರು. ಯಾರ ಕಾರ್ಡು ಎಂದು ಮುಗಿಯುತ್ತದೆ, ಯಾರು ಎಂದು ವೀಸಾಕ್ಕೆ ಅರ್ಜಿ ಹಾಕಬೇಕು, ಎಂದು ಹೊರಡಬೇಕು, ಎಂದು ಮರಳಬೇಕು, ಎಲ್ಲವನ್ನೂ ಟೈಪು ಮಾಡಿ ಲ್ಯಾಮಿನೇಟ್ ಮಾಡಿಸಿದ್ದರು. ಕೆಳಗೆ ಮೂರು ಸಹಿ: ಶಾಲೆಯದು, ಕಾಲೇಜಿನದು, ಸಮಿತಿಯದು. ನಾನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನಮ್ಮ ಸಾಲಿನ ಪ್ರಕಾರ, ಕಾಲೇಜಿನ ಆ ಸೋಮವಾರ ಕಳೆದು ಹನ್ನೆರಡು ದಿನಗಳ ಮೇಲೆ ನಮ್ಮ ಕಾರ್ಡುಗಳು ಮುಗಿಯುತ್ತಿದ್ದವು. ಹೆಂಡತಿ ಮಗಳೊಡನೆ ಊರಿಗೆ ಹೋಗಿ, ಸೀಟು ಖಚಿತಪಡಿಸಿ, ಮಗಳನ್ನು ಹಾಸ್ಟೆಲಿಗೆ ಸೇರಿಸಿ, ಹನ್ನೆರಡು ದಿನದೊಳಗೆ ಮರಳಿದರೆ ಸಾಕು.

ಆ ಹನ್ನೆರಡು ದಿನಗಳು ನಮಗೆ ಏಕೆ ಅಷ್ಟು ಮುಖ್ಯವಾಗಿದ್ದವೆಂದು ಹೇಳಬೇಕು. ನಾನು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆಯಲ್ಲಿ ಸ್ವದೇಶಿ ನೌಕರರ ಸಂಖ್ಯೆ ಸಾಲದೆ, ಸರ್ಕಾರ ಅದನ್ನು ಕೆಂಪು ಪಟ್ಟಿಗೆ ಹಾಕಿತ್ತು. ಕೆಂಪು ಪಟ್ಟಿಯ ಕಂಪನಿಯವರ ಇಕಾಮಾ ನವೀಕರಣವಾಗುವುದಿಲ್ಲ. ಹೋಗಿ ಮರಳುವ ವೀಸಾ ಬೇಕಾದರೆ ಕಾರ್ಡಿನಲ್ಲಿ ದಿನಗಳು ಉಳಿದಿರಬೇಕು. ಪಟ್ಟಿ ಹಸಿರಾಗುವವರೆಗೆ ಉಳಿದ ದಿನಗಳೇ ನಮ್ಮ ಆಸ್ತಿ.

ಚಾರ್ಟು ಹೇಳಿದ ದಿನವೇ ನಾನು ಆಸ್ಪತ್ರೆಯ ಮಂದೂಬನ ಮೇಜಿಗೆ ಅರ್ಜಿ ಒಯ್ದೆ. ಸರ್ಕಾರಿ ಕಚೇರಿಗಳಿಗೆ ನಮ್ಮ ಕಾಗದ ಹಿಡಿದು ಓಡಾಡುವವನಿಗೆ ಅಲ್ಲಿ ಹಾಗೆನ್ನುತ್ತಾರೆ. ಈತ ಯೆಮೆನಿನ ಮನುಷ್ಯ, ಕೆಟ್ಟವನಲ್ಲ. ನನ್ನ ಕಾರ್ಡನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಇದರಲ್ಲಿ ಉಳಿದಿರುವುದು ಮೂರು ವಾರವಷ್ಟೇ, ನೀನು ಕೇಳುತ್ತಿರುವುದು ಒಂದೂವರೆ ತಿಂಗಳಿಗೆ ಎಂದ. ನಾನು ಚಾರ್ಟಿನ ಪ್ರತಿಯನ್ನು ತೋರಿಸಿದೆ. ಅವನು ಗೋಡೆಯ ಹಿಜರಿ ಕ್ಯಾಲೆಂಡರಿನತ್ತ ಬೆರಳು ತೋರಿಸಿದ.

ಆಗ ನನಗೆ ಅರ್ಥವಾಯಿತು. ಇಕಾಮಾದ ಅವಧಿ ಹಿಜರಿ ತಿಂಗಳುಗಳಲ್ಲಿ ಬರೆದಿರುತ್ತದೆ. ಚಂದ್ರನ ಆ ವರ್ಷ ನಮ್ಮ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಸಮಿತಿಯ ಕಾರ್ಯದರ್ಶಿ ನಮ್ಮ ಕಾರ್ಡು ಕೊನೆಯ ಸಲ ನವೀಕರಣವಾದ ಇಂಗ್ಲಿಷ್ ದಿನಾಂಕಕ್ಕೆ ಎರಡು ವರ್ಷ ಕೂಡಿಸಿ ಬರೆದಿದ್ದರು. ಎರಡು ವರ್ಷಕ್ಕೆ ಇಪ್ಪತ್ತೆರಡು ದಿನಗಳ ತಪ್ಪು. ಕಾಲೇಜಿನ ಸೋಮವಾರಕ್ಕೆ ಹತ್ತು ದಿನ ಮೊದಲೇ ನಮ್ಮ ಕಾರ್ಡುಗಳು ಮುಗಿದಿರುತ್ತವೆ. ಊರಿಗೆ ಹೋದ ಹೆಂಡತಿ ಮರಳಲಾರಳು.

ಮೂರು ಸಹಿಗಳನ್ನು ದೂರುವ ಮೊದಲು ನನ್ನ ತಪ್ಪನ್ನೂ ಬರೆಯುತ್ತೇನೆ. ಆಸ್ಪತ್ರೆಯ ಔಷಧ ದಾಸ್ತಾನು ಕೋಣೆಯಲ್ಲಿ ಇಪ್ಪತ್ತೊಂದು ವರ್ಷ ಪ್ರತಿ ಪೆಟ್ಟಿಗೆಯ ಅವಧಿಯನ್ನು ನೋಡಿ ಮುಂದೆ ಹಿಂದೆ ಜೋಡಿಸಿದವನು ನಾನು. ಜೇಬಿನಲ್ಲಿದ್ದ ಕಾರ್ಡನ್ನು ತೆಗೆದು ಚಾರ್ಟಿನೊಡನೆ ಹೋಲಿಸಲಿಲ್ಲ. ಟೈಪು ಮಾಡಿದ ಕಾಗದಕ್ಕೂ ಮೂರು ಸಹಿಗಳಿಗೂ ತಲೆಬಾಗಿದೆ.

ಕಾರ್ಯದರ್ಶಿಗೆ ಫೋನು ಮಾಡಿದಾಗ ಆತ ತನ್ನ ಅಂಗಡಿಯಲ್ಲಿದ್ದ. ಊರಿನಲ್ಲಿ ನಮ್ಮ ಪಕ್ಕದ ಮೊಹಲ್ಲಾದವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಇಪ್ಪತ್ತೆರಡು ದಿನಗಳ ತಪ್ಪನ್ನು ಹೇಳಿದೆ.

"ಎಂತ ಕಾಕ, ಮದ್ದಿನ ಬಾಟ್ಲಿದ್ದು ಡೇಟು ನೋಡ್ತೀರಿ, ನಿಮ್ಮ ಕಾರ್ಡಿದ್ದು ನೋಡ್ಲಿಕ್ಕೆ ಆಗುದಿಲ್ವಾ?" ಎಂದ. "ಜಿದ್ದಾದವರು ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ ಮಾರಾಯ್ರೆ."

ಜಿದ್ದಾದವರು ದೂರಲಿಲ್ಲ, ಏಕೆಂದರೆ ಅವರ ಕಂಪನಿಗಳು ಹಸಿರು ಪಟ್ಟಿಯಲ್ಲಿದ್ದವು. ತಪ್ಪು ದಿನಾಂಕವೂ ಅವರಿಗೆ ನಷ್ಟ ಮಾಡುತ್ತಿರಲಿಲ್ಲ. ಇದನ್ನು ನಾನು ವಿವರಿಸುವಷ್ಟರಲ್ಲಿ ಆತ ಗಿರಾಕಿ ಬಂದಿದ್ದಾರೆಂದು ಫೋನು ಇಟ್ಟ. ಮರಳಿ ಕರೆ ಮಾಡುತ್ತೇನೆಂದಿದ್ದ. ಮಾಡಲಿಲ್ಲ.

ಮಂದೂಬ ಒಂದೇ ದಾರಿ ತೋರಿಸಿದ: ಖುರೂಜ್ ನಿಹಾಯಿ. ಹೋದವರು ಮರಳದ ಅಂತಿಮ ನಿರ್ಗಮನದ ವೀಸಾ. ಕೆಂಪು ಪಟ್ಟಿಯ ಕಂಪನಿಗೂ ಅದನ್ನು ಕೊಡಲು ಅಡ್ಡಿಯಿಲ್ಲ; ಹೊರಗೆ ಹಾಕುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ. ಆದರೆ ನನಗೆ ಅದು ಸಿಗದು. ದಾಸ್ತಾನು ಕೋಣೆಗೆ ಬೇರೆ ಜನ ಸಿಗುವವರೆಗೆ ನನ್ನನ್ನು ಬಿಡುವುದಿಲ್ಲವೆಂದು ಮುದೀರ್, ನಮ್ಮ ವ್ಯವಸ್ಥಾಪಕ, ಮೊದಲೇ ಬರೆದು ಕೊಟ್ಟಿದ್ದ. ನಮ್ಮ ಮೂವರ ಪಾಸ್‌ಪೋರ್ಟುಗಳೂ ಅವನ ಕಪಾಟಿನಲ್ಲಿದ್ದವು. ಹೆಂಡತಿ ಮಗಳಿಗೆ ಅಂತಿಮ ನಿರ್ಗಮನ ಬರೆಸಿದರೆ ಸೀಟು ಉಳಿಯುತ್ತದೆ, ಮನೆ ಮುಗಿಯುತ್ತದೆ. ಬರೆಸದಿದ್ದರೆ ಮನೆ ಉಳಿಯುತ್ತದೆ, ಮಗಳು ಮುಗಿದ ಕಾರ್ಡನ್ನು ಹಿಡಿದು ನಾಲ್ಕು ಗೋಡೆಗಳ ನಡುವೆ ಕುಳಿತುಕೊಳ್ಳುತ್ತಾಳೆ.

ಮಗಳನ್ನು ಒಬ್ಬಳನ್ನೇ ಕಳುಹಿಸಿ, ಆ ದಿನ ಅವಳ ಸೋದರಮಾವ ಹಾಜರಾದರೆ ನಡೆಯುವುದೇ ಎಂದು ಕಾಲೇಜಿಗೆ ಫೋನು ಮಾಡಿದೆ. ಮೂರು ದಿನ ಮಾಡಿದೆ. ಮೊದಲ ದಿನ ಪ್ರಾಂಶುಪಾಲರು ಸಭೆಯಲ್ಲಿದ್ದರು, ಎರಡನೆಯ ದಿನ ಊಟಕ್ಕೆ ಹೋಗಿದ್ದರು. ಮೂರನೆಯ ದಿನ ಕಚೇರಿಯ ಗುಮಾಸ್ತರು ನಿಯಮವನ್ನು ಓದಿ ಹೇಳಿದರು: ತಂದೆ ಅಥವಾ ತಾಯಿ. ಮಾವ ಪೋಷಕರ ವ್ಯಾಖ್ಯೆಗೆ ಬರುವುದಿಲ್ಲ. ಇದು ನಿಮ್ಮ ಸಮಿತಿಯೇ ಸಹಿ ಮಾಡಿದ ನಿಯಮ ಎಂದೂ ಸೇರಿಸಿದರು. ಜಿದ್ದಾದ ಶಾಲೆಯವರು, ಅದು ತಾಯಿಫಿನ ವಿದ್ಯಾರ್ಥಿನಿ, ತಾಯಿಫಿನ ಶಾಲೆಯನ್ನು ಕೇಳಿ ಎಂದರು. ತಾಯಿಫಿನ ಶಾಲೆಯವರು, ಒಪ್ಪಂದ ಜಿದ್ದಾದವರದು ಎಂದರು. ಮೂವರೂ ಕೂಡಿ ಹಿಡಿದಿದ್ದ ಮಗುವನ್ನು ಮೂವರೂ ಕೈಬಿಟ್ಟಿದ್ದರು.

ಅಂತಿಮ ನಿರ್ಗಮನದ ಅರ್ಜಿಗಳಿಗೆ ನಾನು ಆರು ದಿನ ಸಹಿ ಹಾಕಲಿಲ್ಲ. ಮನೆಯಲ್ಲಿ ಕಾರ್ಯದರ್ಶಿಗೆ, ಪ್ರತಿನಿಧಿಗೆ, ಪ್ರಾಂಶುಪಾಲರಿಗೆ ಪತ್ರಗಳನ್ನು ಬರೆಯುತ್ತ ಕುಳಿತೆ; ಒಂದೊಂದಕ್ಕೂ ಸಂಖ್ಯೆ ಹಾಕಿದೆ. ಮಗಳು ಊರಿಗೆಂದು ತುಂಬಿಟ್ಟಿದ್ದ ಪುಸ್ತಕಗಳನ್ನು ಪೆಟ್ಟಿಗೆಯಿಂದ ಹೊರತೆಗೆದು ಮತ್ತೆ ಕಪಾಟಿನಲ್ಲಿಡತೊಡಗಿದಳು. ಅದನ್ನು ನಾನು ನೋಡಿದೆ, ನೋಡಿಯೂ ಬರೆಯುತ್ತಲೇ ಇದ್ದೆ. ಏಳನೆಯ ದಿನ ಮಧ್ಯಾಹ್ನ ಊಟಕ್ಕೆ ನೆಲದ ಮೇಲೆ ಹಾಸಿದ ಸುಪ್ರದ ಮುಂದೆ ಹೆಂಡತಿ ನನ್ನ ತಟ್ಟೆಗೆ ಬಡಿಸದೆ ಕುಳಿತಳು.

"ನೀವು ಯಾರ ಮೇಲೆ ಸಿಟ್ಟು ಮಾಡ್ತಾ ಇದ್ದೀರಿ?" ಎಂದಳು. "ಆ ಚಾರ್ಟಿನವರ ಮೇಲೆ ಅಂತ ನೀವು ತಿಳ್ಕೊಂಡಿದ್ದೀರಿ. ಪುಸ್ತಕ ಒಳಗೆ ಇಡ್ತಾ ಇರುದು ಅವರಲ್ಲ."

ಅವರಿಂದ ತಪ್ಪು ಒಪ್ಪಿಸಿಕೊಳ್ಳದೆ ಸಹಿ ಹಾಕಿದರೆ ಅವರೇ ಸರಿಯೆಂದಾಗುತ್ತದೆ ಎಂದೆ.

"ಆಗ್ಲಿ. ನನ್ನ ಒಂದು ಕಿವಿಗೆ ಅವರು ಹೇಳಿದ್ದು ಹೇಗೂ ಕೇಳುದಿಲ್ಲ."

ಮಗಳು ಆಗ ಮೊದಲ ಬಾರಿ ಮಾತಾಡಿದಳು. "ಉಪ್ಪ, ಉಮ್ಮನ ಅರ್ಜಿಗೆ ಸಹಿ ಹಾಕುದು ಬೇಡ, ನೀವು ಇಲ್ಲಿ ಒಬ್ಬರೇ ಆಗ್ತೀರಿ. ನಾನು ಇರ್ತೇನೆ. ಪ್ರೈವೇಟಾಗಿ ಬಿ.ಎ. ಕಟ್ತೇನೆ."

ಅವಳು ಅದನ್ನು ಮನಸಾರೆ ಹೇಳಿದಳೆಂಬುದೇ ನನಗೆ ಸಹಿಸಲಾಗಲಿಲ್ಲ. ಹದಿನೇಳು ವರ್ಷದ ಹುಡುಗಿ ತನ್ನ ಬಾಗಿಲನ್ನು ತಾನೇ ಹಾಕಿಕೊಂಡು ನನಗೆ ಒರಗಲು ಕೊಡುತ್ತಿದ್ದಳು. ಅದೇ ಸಂಜೆ ಎರಡು ಅರ್ಜಿಗಳಿಗೂ ಸಹಿ ಹಾಕಿ ಮಂದೂಬನಿಗೆ ಕೊಟ್ಟೆ.

ಜಿದ್ದಾ ವಿಮಾನ ನಿಲ್ದಾಣದಲ್ಲಿ ಮಂದೂಬ ಇಬ್ಬರ ಪಾಸ್‌ಪೋರ್ಟುಗಳನ್ನು ನೇರವಾಗಿ ಅವರ ಕೈಗೆ ಕೊಟ್ಟ. ಆ ಪುಸ್ತಕಗಳನ್ನು ಅವರು ನಾಲ್ಕು ವರ್ಷಗಳಿಂದ ಕಂಡಿರಲಿಲ್ಲ. ಮಗಳು ತನ್ನ ಹಳೆಯ ಭಾವಚಿತ್ರವನ್ನು ನೋಡಿ ನಕ್ಕಳು. ಗಾಜಿನಾಚೆ ಅಧಿಕಾರಿ ಅವರ ಇಕಾಮಾಗಳನ್ನು ಕೇಳಿ ಪಡೆದು, ಮರಳಿಸದೆ ಒಂದು ಡಬ್ಬಿಗೆ ಹಾಕಿದ. ಹೆಂಡತಿ ತಿರುಗಿ ನೋಡಿದಾಗ ನಾನು ಅವಳ ಬಲಕ್ಕಿದ್ದೆ; ಕೂಗಿದ್ದು ಅವಳಿಗೆ ಕೇಳಲಿಲ್ಲ.

ಆ ಸೋಮವಾರ ಮಗಳ ಫೋನು ಬಂತು. ಸೀಟು ಸಿಕ್ಕಿತು. ಕಚೇರಿಯಲ್ಲಿ, ತಂದೆ ಏಕೆ ಬರಲಿಲ್ಲವೆಂದು ಕೇಳಿದರಂತೆ. ತಂದೆ ಅಥವಾ ತಾಯಿ ಎಂದು ಓದಿ ಹೇಳಿದ ಅದೇ ಕಚೇರಿ.

ನನ್ನ ಕಾರ್ಡು ಅದಕ್ಕೆ ಹತ್ತು ದಿನ ಮೊದಲೇ ಮುಗಿದಿತ್ತು. ಐವತ್ತಾರು ವರ್ಷದವನನ್ನು ಬೇರೆ ಯಾವ ಕಫೀಲನೂ, ಅಂದರೆ ಇಕಾಮಾದ ಹೊಣೆ ಹೊರುವ ಮಾಲೀಕನೂ, ತೆಗೆದುಕೊಳ್ಳಲಿಲ್ಲ. ತಾಯಿಫಿನಿಂದ ಇಳಿಯುವ ದಾರಿಯಲ್ಲಿ ತನಿಖಾ ಠಾಣೆಯಿದೆ. ಅವಧಿ ಮುಗಿದ ಕಾರ್ಡಿನವನು ಅದನ್ನು ದಾಟುವಂತಿಲ್ಲ. ಹೀಗೆ ಕೋಣೆ, ಆಸ್ಪತ್ರೆ, ಮಸೀದಿ, ಈ ಮೂರರ ನಡುವೆ ನಾನು, ಮುದೀರ್ ನನ್ನನ್ನು ಬಿಡುವವರೆಗೆ, ಹದಿನಾಲ್ಕು ತಿಂಗಳು ಉಳಿದೆ.

ಅದರ ಎಂಟನೆಯ ತಿಂಗಳಿನಲ್ಲಿ ಸಮಿತಿಯ ಆಮಂತ್ರಣ ಬಂತು. ಮೇಲೆ ನನ್ನ ಮಗಳ ಭಾವಚಿತ್ರ. ಶಾಲೆ, ಕಾಲೇಜು, ಮನೆ ಕೈಜೋಡಿಸಿದರೆ ಹೆಣ್ಣುಮಗು ಎಲ್ಲಿಗೆ ತಲುಪಬಲ್ಲಳೆಂಬುದಕ್ಕೆ ಉದಾಹರಣೆಯೆಂದು ಕೆಳಗೆ ಬರೆದಿತ್ತು. ನಮ್ಮನ್ನು ಯಾರೂ ಕೇಳಿರಲಿಲ್ಲ. ನಾನು ಐದು ನಿಮಿಷ ಮಾತಾಡಬೇಕಂತೆ, ಮೊದಲ ಸಾಲಿನಲ್ಲಿ ಕುರ್ಚಿಯಿದೆಯಂತೆ. ಬರಲಾಗದ ಕಾರಣವನ್ನು ದಿನಾಂಕಗಳ ಸಮೇತ ಎರಡು ಪುಟ ಬರೆದು, ಸಭೆಗೆ ಓದಿ ಹೇಳಬೇಕೆಂದು ಕಳುಹಿಸಿದೆ. ಕೆಲಸದ ಒತ್ತಡದಿಂದ ಅವರು ಬಂದಿಲ್ಲ ಎಂದು ಮೈಕಿನಲ್ಲಿ ಹೇಳಿದರೆಂದು ಆಮೇಲೆ ತಿಳಿಯಿತು.

ಮಗಳಿಗೆ ಹೇಳಿದೆ, ಸಮಿತಿಯವರಿಂದ ಅವಳ ಭಾವಚಿತ್ರವನ್ನು ತೆಗೆದುಹಾಕಿಸುತ್ತೇನೆಂದೆ. ಬೇಡವೆಂದಳು. ಮುಂದಿನ ವರ್ಷಕ್ಕೆ ಇಪ್ಪತ್ತು ಹುಡುಗಿಯರು ಹೆಸರು ಕೊಟ್ಟಿದ್ದಾರೆ, ಇಬ್ಬರು ದೂರದ ಹಾಯಿಲ್ ಪಟ್ಟಣದವರು, ಅವರಿಗೂ ಅದೇ ಲೆಕ್ಕದ ಚಾರ್ಟು ಹೋಗಿದೆ ಎಂದಳು.

ಮರುದಿನ ಕಾರ್ಯದರ್ಶಿಗೆ ಫೋನು ಮಾಡಿ, ಸಲಾಮಿನ ಹೊರತು ಬೇರೆ ಮಾತಿಲ್ಲದೆ, ಇಪ್ಪತ್ತು ಕುಟುಂಬಗಳ ಕಾರ್ಡಿನ ಪ್ರತಿಗಳನ್ನು ಕಳುಹಿಸಲು ಹೇಳಿದೆ. ಹಿಜರಿ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಒಂದೊಂದು ದಿನಾಂಕವನ್ನೂ ಎರಡೆರಡು ಸಲ ಲೆಕ್ಕ ಹಾಕಿದೆ. ಒಂಬತ್ತು ತಪ್ಪಿದ್ದವು. ಹಾಯಿಲಿನ ಇಬ್ಬರದೂ ತಪ್ಪಿತ್ತು. ತಿದ್ದಿದ ಪಟ್ಟಿಯನ್ನು ಆತ ಅದೇ ವಾರ ಹೊಸದಾಗಿ ಅಚ್ಚು ಹಾಕಿಸಿ ಹಂಚಿದ. ಕೆಳಗೆ ಮೂರು ಸಹಿಗಳಿದ್ದವು. ತಿದ್ದಿದವರು ಯಾರೆಂದು ಎಲ್ಲೂ ಇರಲಿಲ್ಲ. ಆತನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಆ ಇಪ್ಪತ್ತು ಹುಡುಗಿಯರಲ್ಲಿ ಯಾರ ತಾಯಿಯೂ ಅಂತಿಮ ನಿರ್ಗಮನದಲ್ಲಿ ಹೋಗಬೇಕಾಗಿ ಬರಲಿಲ್ಲ.