ಹಣ್ಣಾಗಲಿ ಎಂದವರು

ಸಿಂಧನೂರಿನ ನಮ್ಮ ಅಂಗಳದಲ್ಲಿ ನಂದಿಬಟ್ಟಲು ಹೂ ಕೊಯ್ಯುತ್ತಿದ್ದೆ. ಅದರ ಹಸಿ ವಾಸನೆ ಬೆರಳಿಗೆ ಹತ್ತಿದ್ದೇ ತಡ, ನನ್ನ ತವರೂರು ಮಸ್ಕಿಯಲ್ಲಿ ಪಕ್ಕದ ಮನೆಯಲ್ಲಿದ್ದ ಅತ್ತೆ ನೆನಪಾದಳು. ಸ್ವಂತ ಅತ್ತೆಯಲ್ಲ, ಓಣಿಗೆಲ್ಲ ಅತ್ತೆ. ನಿಜಾಮರ ಕಾಲದ ಮಾತು.

ಅವಳ ಮಗಳಿಗೆ ಹುಟ್ಟಿನಿಂದಲೇ ಎರಡೂ ಕಣ್ಣಿನ ಪಾಪೆ ಬೆಳ್ಳಗಿತ್ತು. ಗಾಡಿ ಕಟ್ಟಿಸಿಕೊಂಡು ಲಿಂಗಸುಗೂರಿನ ದವಾಖಾನೆಗೆ ಒಯ್ದರೆ, ಡಾಕ್ಟರ್ ಸಾಹೇಬರು ಕೂಸಿನ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ, ಪೊರೆ ಇನ್ನೂ ಕಾಯಿ, ಹಣ್ಣಾಗಲಿ, ಆಮೇಲೆ ತೆಗೆಯೋಣ ಎಂದರಂತೆ. ಮುದುಕರಿಗೆ ಹೇಳುವ ಮಾತನ್ನೇ ಹಾಲುಗೂಸಿಗೂ ಹೇಳಿ ಕಳಿಸಿದರು! ಅತ್ತೆ ಕಾದಳು. ದಿನಾ ಮಲಗಿಸುವಾಗ, ಕಣ್ಣಿಗೆ ಒಳ್ಳೆಯದೆಂದು, ಮಗಳ ಕಣ್ಣಮೇಲೆ ನಂದಿಬಟ್ಟಲು ಹೂ ಇಟ್ಟು ಬಟ್ಟೆ ಕಟ್ಟುತ್ತಿದ್ದಳು. ಹುಡುಗಿಯ ಹಾಲುಹಲ್ಲು ಬಿದ್ದವು, ಸಾಹೇಬರ ಹಣ್ಣು ಮಾತ್ರ ಆಗಲೊಲ್ಲದು...

ಕಡೆಗೊಮ್ಮೆ ಪೊರೆ ತೆಗೆದರು. ದಪ್ಪ ಕನ್ನಡಕ ಹಾಕಿಸಿ ಊರಿಗೆ ಕರೆತಂದಾಗ, ಕರ್ರಗಿನ ಪಾಪೆ ನೋಡಿ ಓಣಿಯೇ ಹಿಗ್ಗಿತು. ಹುಡುಗಿ ಎದುರಿಗಿದ್ದ ತಾಯಿಯನ್ನೇ ಗುರುತಿಸಲಿಲ್ಲ. ಕಣ್ಣು ಮುಚ್ಚಿಕೊಂಡು, ಬಳೆಯ ಸಪ್ಪಳ ಹಿಡಿದು, ಕೈ ಸವರಿ ನೋಡಿ, ಆಮೇಲೆ “ಅವ್ವಾ” ಎಂದಳು. ತಂಬಿಗೆಯಾಗಲಿ, ನಾಯಿಮರಿಯಾಗಲಿ, ಕಣ್ಣು ಮುಚ್ಚಿ ಮುಟ್ಟಿದರೇ ಅವಳಿಗೆ ಗೊತ್ತಾಗುತ್ತಿತ್ತು. ಮತ್ತೆ ಲಿಂಗಸುಗೂರಿಗೆ ಹೋದರೆ, ಆಪರೇಶನ್ ಸರಿಯಾಗಿಯೇ ಇದೆ, ಹುಡುಗಿಯೇ ಮಂದ ಎಂದುಬಿಟ್ಟರು. ಮಂದವಂತೆ! ಈಗಲೂ ಮೈ ಉರಿಯುತ್ತದೆ.

“ಹಣ್ಣಾಗ್ಲಿ ಅಂದ್ರಿ, ಕಾದೆ,” ಎಂದಳಂತೆ ಅತ್ತೆ. “ನನ್ನ ಕೂಸು ಮಾವಿನಕಾಯೇನ್ರಿ?”

ಮುಂದೆ ಅವಳ ಗಂಡ ತೀರಿಕೊಂಡಾಗ, ಬಳೆ ಒಡೆಯಲು ಬಂದ ಹೆಂಗಸರಿಗೆ ಅತ್ತೆ ಕೈ ಕೊಡಲಿಲ್ಲ.

“ಈ ಬಳಿ ನನ್ನ ಮಗಳ ಕಣ್ಣು ಅದಾವ. ಮುಟ್ಟಬ್ಯಾಡ್ರಿ.”

ಓಣಿ ಅವಳನ್ನು ಸಾಯುವವರೆಗೂ ಆಡಿಕೊಂಡಿತು. ಸಾಹೇಬರಿಗೆ ಮಾತ್ರ ಓಣಿಯವರು ಯಾರೂ ಒಂದು ಮಾತು ಅನ್ನಲಿಲ್ಲ.

ಈಗ ನನ್ನ ಮೊಮ್ಮಗಳ ಕೂಸಿಗೂ ಅಂಥದೇ ಪೊರೆ. ಎರಡು ತಿಂಗಳು ತುಂಬುವುದರೊಳಗೆ ತೆಗೆದರು. ಎಳೆಗಣ್ಣಿಗೆ ಬೆಳಕು ಬೀಳದಿದ್ದರೆ ಮಿದುಳು ನೋಡುವುದನ್ನೇ ಕಲಿಯುವುದಿಲ್ಲ, ಕಾಯಲೇಬಾರದು ಎಂದಳು ಡಾಕ್ಟರ್ ಹುಡುಗಿ. ಅತ್ತೆಯ ಕಥೆ ಹೇಳಿದೆ. ಆಗ ಇದೆಲ್ಲ ತಿಳಿದಿರಲಿಲ್ಲ ಅಜ್ಜಿ, ಎಂದಳು. ತಿಳಿಯದಿದ್ದರೆ ತಿಳಿಯದು ಎನ್ನಬೇಕಿತ್ತು. ಮಂದ ಎಂದದ್ದೇಕೆ?

ಕೊಯ್ದ ಹೂ ಹಿಡಿದು ಒಳಗೆ ಬಂದೆ. ಬಳೆ ಸಪ್ಪಳವಾಗದಂತೆ ಮೇಲಕ್ಕೆ ಸರಿಸಿಕೊಂಡು, ಕೂಸಿನ ಮುಂದೆ ಹೂ ಆಡಿಸಿದೆ. ಕಣ್ಣು ಅದರ ಹಿಂದೆಯೇ ಬಂತು... ಅತ್ತೆಗೆ ತೋರಿಸೋಣವೆಂದರೆ ಅವಳೂ ಇಲ್ಲ, ಆ ಮಗಳೂ ಇಲ್ಲ.