ಕಲಕತ್ತೆಗೆ ಹೋಗದ ಪ್ರತಿ

ಎಂಬತ್ತರ ದಶಕದಲ್ಲಿ ನಾನು ಸಿಂಧನೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಲಗ್ನಪತ್ರಿಕೆ, ರೈಸ್ ಮಿಲ್ಲಿನ ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಪುಸ್ತಕ ಅಂತ ನನ್ನ ಕೈಯಿಂದ ಆದದ್ದು ಒಂದೇ. ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ಅಕ್ಕೋರು ಮಸ್ಕಿ ಸುತ್ತಲಿನ ಹಳ್ಳಿಗಳನ್ನು ತಿರುಗಿ, ಮುದುಕಿಯರ ಬಾಯಿಂದ ಬರೆದುಕೊಂಡ ಬೀಸುವ ಕಲ್ಲಿನ ಹಾಡುಗಳು.

ಅಚ್ಚು ಮುಗಿದ ದಿನ ನಮ್ಮ ಮಾಲೀಕರು ಅವರಿಗೆ ಕಾಯ್ದೆ ತಿಳಿಸಿದರು. ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ಕಲಕತ್ತೆಯ ದೊಡ್ಡ ಗ್ರಂಥಾಲಯಕ್ಕೆ ಹೋಗಬೇಕು. ಗುಲ್ಬರ್ಗಾದ ವಿಶ್ವವಿದ್ಯಾಲಯಕ್ಕೂ ಒಂದು ಕಳಿಸೋಣ, ಅಂಥ ಕಡೆ ಯಾರೂ ಓದದಿದ್ದರೂ ಪುಸ್ತಕ ಎಸೆಯುವುದಿಲ್ಲ ಎಂದರು. ಅಕ್ಕೋರಿಗೆ ಪುಸ್ತಕ ಕಂಡದ್ದಕ್ಕಿಂತ ಈ ಮಾತು ಕೇಳಿ ಹೆಚ್ಚು ಖುಷಿಯಾಯಿತು.

"ನಾವು ಹೋದ್ರೂ ಹಾಡು ಅಲ್ಲಿ ಇರ್ತಾವ ಅನ್ರಿ" ಎಂದರು.

ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಆಗ ಲಗ್ನದ ಸೀಜನ್ನು. ದಿನವಿಡೀ ನಿಂತು ಕಾಲು ಬಾತುಕೊಂಡಿರುತ್ತಿದ್ದವು, ಕೆಲಸ ಬಿಡುವಷ್ಟರಲ್ಲಿ ಪೋಸ್ಟ್ ಆಫೀಸು ಮುಚ್ಚಿರುತ್ತಿತ್ತು. ಎರಡು ಕಟ್ಟು ಕಟ್ಟಿ ವಿಳಾಸವನ್ನೂ ಬರೆದಿಟ್ಟಿದ್ದೆ. ನಾಳೆ, ನಾಳೆ. ಸೀಜನ್ನು ಮುಗಿದ ಮೇಲೂ ಕಳಿಸಲಿಲ್ಲ. ಆಗ ನೆಪವೂ ಇರಲಿಲ್ಲ, ಬರೀ ಬೇಸರ. ಮಾಲೀಕರು ಕೇಳಿದಾಗ ಹೋಗ್ಯಾವ್ರಿ ಎಂದುಬಿಟ್ಟೆ. ದಸರೆಗೆ ಪ್ರೆಸ್ಸು ಸ್ವಚ್ಛ ಮಾಡುವಾಗ ಆ ಎರಡೂ ಕಟ್ಟು ರದ್ದಿಯ ಜೊತೆ ಹೋದವು. ಹೋಗುವುದನ್ನು ನೋಡಿದೆ, ಸುಮ್ಮನಿದ್ದೆ.

ವರ್ಷಗಳು ಕಳೆದವು. ಆಫ್‌ಸೆಟ್ ಮಷಿನ್ನು ಬಂತು, ಮೊಳೆಗಳೆಲ್ಲ ಗುಜರಿಗೆ ಹೋದವು. ನಾನು ಮಾತ್ರ ಅಲ್ಲೇ ಉಳಿದಿದ್ದೆ, ಬೇರೆ ಕಡೆ ಹೋಗುವ ಹುರುಪೂ ಇರಲಿಲ್ಲ. ಒಂದು ಮಧ್ಯಾಹ್ನ ಅಕ್ಕೋರು ಮಸ್ಕಿ ಬಸ್ಸಿಳಿದು ಪ್ರೆಸ್ಸಿಗೆ ಬಂದರು. ರಿಟೈರ್ ಆಗಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಮನೆಯ ಟ್ರಂಕಿನಲ್ಲಿದ್ದ ಪುಸ್ತಕಗಳನ್ನೂ ಹಾಡು ಬರೆದುಕೊಂಡ ನೋಟ್‌ಬುಕ್ಕನ್ನೂ ಗೆದ್ದಲು ತಿಂದಿತ್ತಂತೆ. ಹಂಚಿದ ಪ್ರತಿಗಳನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಗುಲ್ಬರ್ಗಾಕ್ಕೆ ಹೋಗಿ ಗ್ರಂಥಾಲಯದಲ್ಲಿ ಪುಸ್ತಕಗಳ ಹೆಸರು ಬರೆದ ಕಾರ್ಡಿನ ಡಬ್ಬಿಗಳನ್ನೆಲ್ಲ ಎಳೆದು ನೋಡಿದ್ದರು, ಸಿಕ್ಕಿರಲಿಲ್ಲ. ಕಲಕತ್ತೆಗೆ ಪತ್ರ ಬರೆದರೆ, ಈ ಹೆಸರಿನ ಪುಸ್ತಕ ನಮ್ಮಲ್ಲಿಲ್ಲ ಎಂದು ಉತ್ತರ ಬಂದಿತ್ತು. ಅಲ್ಲಿಯವರು ಸರಿಯಾಗಿ ಹುಡುಕಿಲ್ಲ ಎಂದೇ ಅಕ್ಕೋರು ನಂಬಿದ್ದರು.

"ಕಳಿಸಿದ ರಸೀದಿ ಇದ್ರ ಕೊಡು ತಮ್ಮಾ. ಅದನ್ನ ತೋರಿಸಿ, ಇನ್ನೊಮ್ಮೆ ಹುಡುಕ್ರಿ ಅಂತ ಬರಿತೀನಿ."

ರಸೀದಿ ಕಳೆದಿದೆ ಎನ್ನಬಹುದಿತ್ತು. ಆ ಸುಳ್ಳನ್ನು ಹೊತ್ತು ಹೊತ್ತು ನನಗೂ ಸಾಕಾಗಿತ್ತು.

"ನಾ ಕಳಿಸೇ ಇಲ್ರೀ ಅಕ್ಕೋರ."

ಅವರು ಬೈಯಲಿಲ್ಲ. ಕೆನ್ನೆಗೆ ಎರಡು ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಬೆಂಚಿನ ಮೇಲೆ ಕೂತು ನೀರು ಕುಡಿದರು. ಆ ಮುದುಕಿಯರೂ ಈಗ ಯಾರೂ ಉಳಿದಿಲ್ಲ, ತಮಗೂ ಮರೆವು ಎಂದರು. ಆಮೇಲೆ ಚೀಲದಿಂದ ಪೆನ್ನು ತೆಗೆದರು.

"ಹೋಗ್ಲಿ ಬಿಡು. ಒಂದೊಂದು ಅಕ್ಷರಾನೂ ನಿನ್ನ ಕೈಯಾಗ ಹಾದು ಹೋಗ್ಯಾವಲ್ಲ. ನಿನಗ ಎಷ್ಟು ನೆನಪು ಅದಾವ, ಅಷ್ಟು ಹೇಳು. ಬರಕೋತೀನಿ."

ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ. ಜೋಡಿಸುವವನು ಒಂದೊಂದೇ ಮೊಳೆ ನೋಡುತ್ತಾನೆ, ಮಾತು ನೋಡುವುದಿಲ್ಲ. ಇಡೀ ಪುಸ್ತಕ ನಾನೇ ಜೋಡಿಸಿದ್ದೆ, ಒಂದು ಹಾಡನ್ನೂ ಓದಿರಲಿಲ್ಲ. ಅಕ್ಕೋರು ಪೆನ್ನಿನ ಕ್ಯಾಪು ಬಿಚ್ಚಿ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಒಂದು ಸಾಲೂ ಬರಲಿಲ್ಲ.