ಹಾಲಿನಲ್ಲಿ ನೆನೆದ ರೊಟ್ಟಿ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಬೆಕ್ಕಿನ ಯಾವ ಕಿವಿಯಲ್ಲಿ ಮೊದಲು ಹುಣ್ಣಾಯಿತು, ಎಡಗಿವಿಯಲ್ಲೋ ಬಲಗಿವಿಯಲ್ಲೋ, ಈಗ ಹೇಳಲಾರೆ. ಆದರೆ ಅತ್ತಿ ಹಾಲಿನಲ್ಲಿ ರೊಟ್ಟಿ ನೆನೆಹಾಕುವುದನ್ನು ಯಾವಾಗ ಶುರುಮಾಡಿದಳು ಎಂಬುದೊಂದು ನನಗೆ ಸರಿಯಾಗಿ ನೆನಪಾಗಬೇಕು. ಉಳಿದದ್ದೆಲ್ಲ ಹಿಂದುಮುಂದಾದರೂ ನಡೆದೀತು.

ಅತ್ತಿ ಎಂದರೆ ಅಪ್ಪನ ಅಕ್ಕ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿರುತ್ತೇವೆ. ನಾನು ಬೆಳಿಗ್ಗೆ ಧಾರವಾಡದ ಬಸ್ಸು ಹಿಡಿದರೆ ಸಂಜೆಯೇ ಮರಳುವವಳು. ಅವಳು ಮನೆಯಲ್ಲೇ ಜೋಳದ ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಒಣಗಿದ ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು, ಹಲ್ಲಿನ ನಡುವೆ ಕಟಕ್ ಎಂದರೆ ಮಾತ್ರ ಪ್ಯಾಕೆಟ್ಟಿಗೆ ತುಂಬುವುದು ಅವಳ ಪದ್ಧತಿ. ಕೆಲಸ ಮುಗಿದ ಮೇಲೆ ಎಲೆ ಅಡಿಕೆ, ಜೊತೆಗೊಂದು ಚಿಟಿಕೆ ತಂಬಾಕು.

ಬಿಳಿ ಬೆಕ್ಕು ತಾನಾಗಿಯೇ ಬಂದು ಸೇರಿಕೊಂಡದ್ದು. ಅದಕ್ಕೆ ಹೆಸರಿಡಲಿಲ್ಲ. ಅತ್ತಿ ‘ಅಕಿ’ ಎನ್ನುತ್ತಿದ್ದಳು, ಮನೆಯ ಮೂರನೆಯ ಹೆಂಗಸು ಎಂಬಂತೆ. ಅದು ಹಗಲೆಲ್ಲ ಮಾಳಿಗೆಯ ಬಿಸಿಲಿನಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿರುತ್ತಿತ್ತು.

ಕಿವಿಯ ತುದಿಯಲ್ಲಿ ಕಂದು ಹಕ್ಕಳೆ ಕಟ್ಟಿದಾಗ, ಯಾವುದೋ ಗಂಡುಬೆಕ್ಕು ಪರಚಿದೆ ಎಂದುಕೊಂಡು ಅರಿಶಿನ ಹಚ್ಚಿದೆವು. ಹಕ್ಕಳೆ ಉದುರಿ ರಕ್ತ ಒಸರುತ್ತಿತ್ತು, ಮತ್ತೆ ಕಟ್ಟುತ್ತಿತ್ತು. ಕಿವಿಯ ಅಂಚು ಇಲಿ ಕಡಿದ ಕಾಗದದಂತೆ ಸವೆಯತೊಡಗಿದ ಮೇಲೆ, ತರಕಾರಿ ಬುಟ್ಟಿಯಲ್ಲಿ ಕೂರಿಸಿಕೊಂಡು ಪಶುವೈದ್ಯರ ಬಳಿ ಹೋದೆವು. ಅವರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಅವರ ಬಾಯಿಂದ ಆ ಶಬ್ದ ಕೇಳಿ ನಾನು ನಕ್ಕುಬಿಟ್ಟೆ ಎಂದು ಅತ್ತಿ ಹೇಳುತ್ತಾಳೆ. ನಕ್ಕ ನೆನಪು ನನಗಿಲ್ಲ.

“ಬೆಕ್ಕಿಗೂ ಕ್ಯಾನ್ಸರ್ ಬರ್ತೈತೇನ್ರಿ?” ಎಂದು ಅತ್ತಿ ಕೇಳಿದಳು.

“ಬರ್ತೈತ್ರಿ ಅಕ್ಕಾರ. ಬಿಳಿ ಬೆಕ್ಕಿಗೆ ಇನ್ನೂ ಜಾಸ್ತಿ. ಕಿವಿ ಮ್ಯಾಲ ಕೂದಲಾ ಕಡಿಮಿ, ಚರ್ಮಕ್ಕ ಬಣ್ಣಾನೂ ಇಲ್ಲ. ಬಿಸಿಲು ನೆಟ್ಟಗ ಬಡೀತೈತಿ.”

“ಬಿಸಿಲಿಗೇ ಕ್ಯಾನ್ಸರ್ ಆಗೂದಿದ್ರ ಹುಬ್ಬಳ್ಯಾಗ ಯಾರೂ ಉಳೀತಿರಲಿಲ್ಲ ಬಿಡ್ರಿ.”

ಡಾಕ್ಟರು ನಗಲಿಲ್ಲ. ಎರಡೂ ಕಿವಿಗಳ ಹೊರಭಾಗವನ್ನು ಕತ್ತರಿಸಿ ತೆಗೆಯಬೇಕು, ರೋಗ ಇನ್ನೂ ಒಳಗೆ ಇಳಿದಿಲ್ಲವಾದ್ದರಿಂದ ಅಷ್ಟರಲ್ಲೇ ವಾಸಿಯಾಗಬಹುದು ಎಂದರು.

ಕಿವಿಯಿಲ್ಲದ ಅದನ್ನು ಮೊದಲ ಸಲ ಕಂಡಾಗ ಬೆಕ್ಕು ಎಂದೇ ಅನ್ನಿಸಲಿಲ್ಲ. ದುಂಡನೆಯ ತಲೆ, ಎರಡು ಸಾಲು ಹೊಲಿಗೆ, ಹೊಲಿಗೆ ಕೆರೆದುಕೊಳ್ಳದಂತೆ ಕೊರಳ ಸುತ್ತ ಲಾಳಿಕೆಯ ಹಾಗೆ ಅಗಲಿಸಿದ ಪ್ಲಾಸ್ಟಿಕ್ ಪಟ್ಟಿ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತಿ ಮಾತ್ರ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, “ಕರದ್ರ ಕೇಳಲಾರದಂಗ ಇರಾಕ ನಿನಗೊಂದು ನೆವಾ ಬೇಕಿತ್ತಲ್ಲವಾ, ಸಿಕ್ತು ನೋಡು,” ಎಂದಳು.

ಗಾಯ ಮಾಯಿತು. ಮಾಳಿಗೆಯ ಬಾಗಿಲಿಗೆ ಚಿಲಕ ಬಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಅತ್ತಿ, “ಅಕಿ ಒಂದ ಮಗ್ಗಲಿಂದ ಅಗಿಯಾಕತ್ತಾಳ. ನಾಲಿಗಿ ಬುಡಕ ಏನೋ ಆಗೈತಿ,” ಎಂದಳು. ನನಗೆ ಏನೂ ಕಂಡಿರಲಿಲ್ಲ.

“ನಾಲಿಗಿ ಬುಡಕ ಅಂತ ನಿನಗ ಹೆಂಗ ಗೊತ್ತಾತು?”

“ಗೊತ್ತಾಗ್ತೈತಿ,” ಎಂದಳು, ಅಷ್ಟೇ.

ಡಾಕ್ಟರು ಹೆಬ್ಬೆರಳಿನಿಂದ ದವಡೆಯ ಕೆಳಗೆ ಒತ್ತಿ ನಾಲಿಗೆಯನ್ನು ಮೇಲೆತ್ತಿದರು. ಅತ್ತಿ ಬೆಕ್ಕಿನ ತಲೆ ಹಿಡಿದು, “ಬಾಯಿ ತಗಿಯವಾ, ತಗಿ,” ಎನ್ನುತ್ತಿದ್ದಳು. ನಾನು ಮೊಬೈಲಿನ ಲೈಟು ಹಿಡಿದಿದ್ದೆ. ನಾಲಿಗೆಯ ಕೆಳಗೆ ಹಸಿ ಮಾಂಸ ಹೂಕೋಸಿನಂತೆ ಒಡೆದು ನಿಂತಿತ್ತು. ಲೈಟು ಅಲುಗಿತು. “ನೆಟ್ಟಗ ಹಿಡಿ,” ಎಂದಳು ಅತ್ತಿ.

ಪರೀಕ್ಷೆಯಲ್ಲಿ ಇದೂ ಕ್ಯಾನ್ಸರೇ ಎಂದು ಗೊತ್ತಾಯಿತು. “ಕಿವೀದು ಬ್ಯಾರೆ ಮಾತು, ಕತ್ತರಿಸಿ ತಗದ್ವಿ,” ಎಂದರು ಡಾಕ್ಟರು. “ಇದು ಬುಡಕ್ಕ ಇಳದೈತಿ. ದವಡಿ ತಗದ್ರೂ ತಿರುಗಿ ಬರ್ತೈತ್ರಿ. ನೋವಿನ ಔಷಧ ಕೊಡೂಣು, ಮೆತ್ತಂದು ತಿನಸ್ರಿ. ಬೆಕ್ಕು ನೋವು ಭಾಳ ಮುಚ್ಚಿಡ್ತೈತಿ. ನಮಗ ಗೊತ್ತಾಗೂದ್ರಾಗ ತಡಾ ಆಗಿರ್ತೈತಿ.” ಆಮೇಲೆ, “ಮನ್ಯಾಗ ಯಾರರೆ ಸಿಗರೇಟು ಸೇದ್ತಾರೇನ್ರಿ? ಹೊಗಿ ಅದರ ಮೈಮ್ಯಾಲ ಕೂಡ್ತೈತಿ, ಅದನ್ನ ಅದು ನೆಕ್ಕತೈತಿ,” ಎಂದರು.

“ಹೊಗಿ ಬಿಡಾವ್ರು ಯಾರೂ ಇಲ್ರಿ. ನಾ ಬರೇ ಅಗೀತೇನಿ.”

“ಅದನ್ನೂ ಬಿಡ್ರಿ ಅಕ್ಕಾರ.”

“ನನಗೇನು ಬಾಲ ಐತೇನ್ರಿ, ನೀವು ಔಷಧ ಹೇಳಾಕ?”

ಈ ಸಲ ಡಾಕ್ಟರೂ ನಕ್ಕರು. ನಾನೂ ನಕ್ಕೆ. ಇದು ನನಗೆ ಚೆನ್ನಾಗಿ ನೆನಪಿದೆ.

ಒಲೆಯ ಪಕ್ಕ ಒಂದು ಆಳವಾದ ಸ್ಟೀಲಿನ ಬಟ್ಟಲಿನಲ್ಲಿ ಅತ್ತಿ ಹಾಲಿಗೆ ರೊಟ್ಟಿ ಮುರಿದು ಹಾಕಿ ನೆನೆಸಿಡುತ್ತಿದ್ದಳು, ಬೆಕ್ಕಿಗೆಂದೇ ಅಂದುಕೊಂಡಿದ್ದೆ. ಅನ್ನ ಹಿಸುಕಿ, ಮೀನಿನ ಸಾರು ತಂದು, ಕೊನೆಗೆ ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಬದಿಗೆ ಹನಿ ಹನಿ ಬಿಟ್ಟು ತಿನ್ನಿಸಿದೆವು. ನೀರೂ ನುಂಗಲಾಗದ ದಿನ ಡಾಕ್ಟರ ಬಳಿ ಒಯ್ದು ಕೊನೆಯ ಇಂಜೆಕ್ಷನ್ ಕೊಡಿಸಿದೆವು. ಅತ್ತಿಯ ಕೈ ಅದರ ತಲೆಯ ಮೇಲಿತ್ತು, ಕಿವಿ ಇರಬೇಕಾದ ಜಾಗದಲ್ಲಿ.

ಕಳೆದ ಭಾನುವಾರ ಅಡುಗೆಮನೆಗೆ ಹೋದಾಗ ಒಲೆಯ ಪಕ್ಕದಲ್ಲಿ ಆ ಆಳವಾದ ಸ್ಟೀಲಿನ ಬಟ್ಟಲಿತ್ತು. ಅದರಲ್ಲಿ ಹಾಲು, ಹಾಲಿನಲ್ಲಿ ಮುರಿದು ಹಾಕಿದ ರೊಟ್ಟಿ. ಪಾಪ, ರೂಢಿ ಬಿಟ್ಟಿಲ್ಲ ಎಂದುಕೊಂಡು ಅದನ್ನು ಹೊರಗೆ ಚೆಲ್ಲಲು ಎತ್ತಿಕೊಂಡೆ.

“ಇರಲಿ ಬಿಡು ಅದು,” ಎಂದಳು ಅತ್ತಿ. ಲಗುಬಗೆಯಿಂದ, ಬಾಯಿ ಪೂರ್ತಿ ತೆರೆಯದೆ.

ಬಟ್ಟಲು ಕೈಯಲ್ಲೇ ಉಳಿಯಿತು. ಈ ಬಟ್ಟಲನ್ನು ಬೆಕ್ಕಿನ ಬಾಯಿ ಕೆಟ್ಟ ಮೇಲೆ ಇಡತೊಡಗಿದ್ದು ಎಂದು ನಾನು ಇಷ್ಟು ದಿನ ನಂಬಿದ್ದೆ. ಆದರೆ ಕೊರಳಲ್ಲಿ ಪ್ಲಾಸ್ಟಿಕ್ ಪಟ್ಟಿ ಇದ್ದ ದಿನಗಳಲ್ಲೂ ಅದು ಅಲ್ಲಿತ್ತಲ್ಲವೇ? ಪಟ್ಟಿ ಅಡ್ಡ ಬಂದು ಬೆಕ್ಕಿನ ಮುಖ ಇಂಥ ಬಟ್ಟಲಿನೊಳಗೆ ಹೋಗುತ್ತಲೇ ಇರಲಿಲ್ಲ. ಅದಕ್ಕೆ ಚಪ್ಪಟೆ ತಾಟಿನಲ್ಲಿ ಹಾಕುತ್ತಿದ್ದೆವು. ಹಾಗಾದರೆ ಆ ರೊಟ್ಟಿ ಯಾರಿಗಾಗಿ ನೆನೆಯುತ್ತಿತ್ತು? ಒಂದರ ಹಿಂದೆ ಒಂದು ನೆನಪಾಯಿತು. ಕೆಂಪು ಮೆಣಸಿನಕಾಯಿಯ ಖಾರದ ರಂಜಕದ ಭರಣಿ ಹಲಗೆಯಿಂದ ಕೆಳಗಿಳಿದು ಎಷ್ಟು ಕಾಲವಾಯಿತೋ. “ನೋಡು, ಖಡಕ್ ಆಗ್ಯಾವೇನು?” ಎಂದು ಈಚೆಗೆ ರೊಟ್ಟಿಯ ಅಂಚನ್ನು ಮುರಿದು, ತಾನು ಬಾಯಿಗೆ ಹಾಕದೆ, ನನ್ನ ಕೈಗೆ ಕೊಡುತ್ತಿದ್ದಳು. ನನ್ನ ಹಲ್ಲು ಗಟ್ಟಿಯೆಂದು ಕೊಡುತ್ತಾಳೆ ಎಂದುಕೊಂಡು ನಾನು ಕಟಕ್ ಎನ್ನಿಸಿ ತೋರಿಸುತ್ತಿದ್ದೆ. ಇವೆಲ್ಲ ಇದೇ ಕ್ರಮದಲ್ಲಿ ನಡೆದವೋ, ಹೆದರಿಕೆ ಈಗ ಪೋಣಿಸುತ್ತಿದೆಯೋ, ಗೊತ್ತಿಲ್ಲ. ಪಟ್ಟಿ ಮತ್ತು ಬಟ್ಟಲು ಒಟ್ಟಿಗೇ ಇದ್ದವು ಎಂಬುದರ ಮೇಲೆ ಮಾತ್ರ ಆಣೆ ಮಾಡಬಲ್ಲೆ.

ಬಾಯಿ ನೋಡುವ ಡಾಕ್ಟರ ಹತ್ತಿರ ನಾಳೆಗೆ ಹೆಸರು ಬರೆಸಿ ಪಾಳಿ ಹಚ್ಚಿ ಬಂದಿದ್ದೇನೆ. ಅತ್ತಿಗೆ ಹೇಳಿದ್ದೇನೆ. ನನಗೆ ಬೆನ್ನು ಮಾಡಿ ಅವಳು ರೊಟ್ಟಿ ಬಡಿಯುತ್ತಲೇ ಇದ್ದಾಳೆ, ಸದ್ದು ಮೊದಲಿಗಿಂತ ಜೋರಾಗಿ. ಆ ಭಾನುವಾರ ಬಟ್ಟಲು ಕೆಳಗಿಟ್ಟು, ಮೊಬೈಲಿನ ಲೈಟು ಹಾಕಿ ಕೇಳಿದ್ದೆ. ನಿನ್ನೆ ಮತ್ತೆ ಕೇಳಿದೆ. ಎರಡು ಸಲವೂ ಮುಖ ತಿರುಗಿಸಿದಳು. ಈಗ ಮೂರನೆಯ ಸಲ ಕೇಳುತ್ತಿದ್ದೇನೆ.

“ಅತ್ತಿ, ನಾ ಲೈಟ್ ನೆಟ್ಟಗ ಹಿಡೀತೇನಿ. ಒಮ್ಮೆ ಬಾಯಿ ತಗೀತಿಯೇನು?”